ಬಟ್ಟೆ ಅಂದರೆ ಬರೆ

ಜೂನ್ ೧೪

ಬೆಲ್ಲೂ,

ನಿನ್ನ ಕಾಗದ ಬಂತು. ಜೊತೆಗೆ ಪದಗಳ ಹಾಳೆಯೂ ಬಂತು. ಮೊದಲು ಅದನ್ನು ಸಾಮಾನಿನ ಚೀಟಿ ಅಂದುಕೊಂಡೆ. ಕುರ್ಚಿ, ಮಳೆ, ಸೂಜಿ, ಬಟ್ಟೆ, ನಾಯಿ, ಹೆಂಡತಿ ಅಂತ ಇತ್ತು. ಹೆಂಡತಿ ಯಾವ ಅಂಗಡಿಯಲ್ಲಿ ಸಿಗುತ್ತಾಳೆ ಎಂದು ಮೆಟ್ಟಿಲ ಮೇಲೆ ನಿಂತು ನಿಮ್ಮಜ್ಜನನ್ನು ಕೇಳಿದೆ. ಅವರು ಕೆಳಗೆ ಅಂಗಡಿಯಲ್ಲಿ ಯಾರದೋ ಸೈಕಲ್ಲಿನ ಚಕ್ರ ಬಿಚ್ಚಿಕೊಂಡು ಕೂತಿದ್ದರು. "ಹಳೇದು ಕೊಟ್ಟು ಹೊಸದು ತರೋ ಹಾಗಿದ್ರೆ ವಿಚಾರಿಸ್ಕೊಂಡು ಬಾ" ಅಂದರು. ಗಿರಾಕಿ ಬಿದ್ದು ಬಿದ್ದು ನಕ್ಕ. ಆ ಗಿರಾಕಿಯ ಪ್ಯಾಂಟು ನನ್ನ ಹತ್ತಿರವೇ ಹೊಲಿಯಲು ಬರಬೇಕಲ್ಲ, ಆಗ ನೋಡಿಕೊಳ್ಳುತ್ತೇನೆ.

ಆಮೇಲೆ ಕಾಗದ ಓದಿದೆ. ಮನುಷ್ಯರು ಬೆಳೆದ ಹಾಗೆ, ಮುದಿಯಾದ ಹಾಗೆ ಬಾಯಲ್ಲಿ ಮಾತು ಹುಟ್ಟುವ ಬಗೆ ಹೇಗೆ ಬದಲಾಗುತ್ತದೆ ಅಂತ ನೀವು ಕಾಲೇಜಿನಲ್ಲಿ ಹುಡುಕುತ್ತಿದ್ದೀರಂತೆ. ಪದ ಓದಿದ ಕೂಡಲೇ ತಲೆಗೆ ಬಂದದ್ದನ್ನು ಬರೆದು ಕಳಿಸಬೇಕಂತೆ. ಅದೂ ತಿಂಗಳು ತಿಂಗಳು, ಅದೇ ಪದಗಳಿಗೆ. ಸಂಬಳ ಕೊಟ್ಟು ಇಂಥ ಕೆಲಸ ಮಾಡಿಸುವವರೂ ಇದ್ದಾರೆ ಅಂದರೆ ಈ ಲೋಕ ಇನ್ನೂ ಕೆಟ್ಟಿಲ್ಲ.

ನಾಲ್ಕನೇ ಕ್ಲಾಸಿನಲ್ಲಿ ಶಾಲೆ ಬಿಟ್ಟವಳು ನಾನು. ಆದರೂ ಪರೀಕ್ಷೆ ಅಂದಮೇಲೆ ಸುಮ್ಮನೆ ಬರೆದರಾಯಿತೇ? ಎದುರಿನ ಔಷಧಿ ಅಂಗಡಿಯವನನ್ನೂ ಕೇಳಿ, ಎರಡು ದಿನ ಯೋಚಿಸಿ ಬರೆದಿದ್ದೇನೆ. ಕುರ್ಚಿ: ಒಂದು ಕಾಲು ಅಲ್ಲಾಡುತ್ತದೆ, ನಿಮ್ಮಜ್ಜನಿಗೆ ಹೇಳಿ ಹೇಳಿ ನನ್ನ ಬಾಯಿ ನೋಯಿತು, ಊರವರ ಸೈಕಲ್ಲೆಲ್ಲ ರಿಪೇರಿಯಾದವು, ಮನೆಯ ಕುರ್ಚಿ ಆಗಲಿಲ್ಲ. ಮಳೆ: ಬಂದರೆ ಬಟ್ಟೆ ಒಣಗುವುದಿಲ್ಲ, ಬರದಿದ್ದರೆ ನಲ್ಲಿಯಲ್ಲಿ ನೀರಿಲ್ಲ, ಅದಕ್ಕೂ ಒಂದು ಬುದ್ಧಿ ಬೇಡವೇ. ನಾಯಿ: ಔಷಧಿ ಅಂಗಡಿಯವನದು, ಒಡೆಯನಿಗಿಂತ ಗಂಭೀರ. ಮೌನ: ಈ ಹೆಸರಿನವರು ನಮ್ಮ ಮನೆಗೆ ಬಂದಿಲ್ಲ. ಉಳಿದದ್ದು ಹಿಂದಿನ ಪುಟದಲ್ಲಿದೆ.

ಎಷ್ಟಕ್ಕೆ ಎಷ್ಟು ಬಂತು, ಬರೆ.

ನಿನ್ನ ಅಜ್ಜಿ


ಜೂನ್ ೨೫

ಪ್ರೀತಿಯ ಅಜ್ಜಿ,

ನಿನ್ನ ಉತ್ತರಗಳನ್ನು ನಮ್ಮ ದೊಡ್ಡ ಮೇಡಂ ಎರಡು ಸಲ ಓದಿ, ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಕ್ಕು ನಕ್ಕು. ಆಮೇಲೆ, "ಒಂದನ್ನೂ ಲೆಕ್ಕಕ್ಕೆ ಹಿಡಿಯೋ ಹಾಗಿಲ್ಲ" ಅಂದರು.

ಅಜ್ಜಿ, ಇದು ಪರೀಕ್ಷೆಯಲ್ಲ. ಇದರಲ್ಲಿ ಸರಿ ತಪ್ಪು ಇಲ್ಲ. ಯೋಚಿಸಬಾರದು, ಯಾರನ್ನೂ ಕೇಳಬಾರದು, ಒಂದೇ ಒಂದು ಪದ ಬರೆಯಬೇಕು. ನಾಯಿ ಅಂದರೆ ಪುಟ್ಟ ಮಕ್ಕಳು "ಬೊಗಳುತ್ತೆ" ಅನ್ನುತ್ತಾರೆ. ಸ್ವಲ್ಪ ದೊಡ್ಡವರಾದ ಮೇಲೆ ಅದೇ ಮಕ್ಕಳು "ಬೆಕ್ಕು" ಅನ್ನುತ್ತಾರೆ. ತಲೆಯೊಳಗೆ ಪದಗಳು ಗುಂಪು ಕಟ್ಟಿಕೊಂಡು ಕೂತಿರುತ್ತವೆ, ವಯಸ್ಸಾದ ಹಾಗೆ ಗುಂಪು ಬದಲಾಯಿಸುತ್ತವೆ. ಒಂದು ಪದವನ್ನು ಎಳೆದರೆ ಅದರ ಹಿಂದೆ ಯಾವುದು ಬರುತ್ತದೆ ಎಂದು ನೋಡುವುದಷ್ಟೇ ನನ್ನ ಕೆಲಸ. ಡಿಸೆಂಬರಿನಲ್ಲಿ ನನ್ನ ವರದಿ ಕೊಡಬೇಕು. ಅದು ಒಪ್ಪಿಗೆಯಾದರೆ ಈ ಕೆಲಸ ನನಗೆ ಕಾಯಂ ಆಗುತ್ತದೆ.

ಅಜ್ಜನನ್ನೂ ಕೇಳಬೇಡ. ಅವನು ನಿನ್ನನ್ನು ನಗಿಸಲೆಂದೇ ಏನಾದರೂ ಹೇಳುತ್ತಾನೆ.

ನಿನ್ನ ಬೆಲ್ಲು


ಜುಲೈ ೧೨

ಬೆಲ್ಲೂ,

ಒಂದೇ ಪದ ಅಂದೆಯಲ್ಲ, ತಗೋ. ಕುರ್ಚಿ: ಮೇಜು. ಮಳೆ: ಕೊಡೆ. ಸೂಜಿ: ದಾರ. ನಾಯಿ: ಬೆಕ್ಕು. ಬಟ್ಟೆ: ಕತ್ತರಿ. ಗಂಡ: ಸೈಕಲ್ಲು. ಮೌನಕ್ಕೆ ಏನೂ ಬರಲಿಲ್ಲ, ಖಾಲಿ ಬಿಟ್ಟಿದ್ದೇನೆ. ಊಟಕ್ಕೆ ಉಪ್ಪಿಲ್ಲದ ಹಾಗಿದೆ ಈ ಆಟ. ನನ್ನ ಬಾಯಿಗೆ ಬೀಗ ಹಾಕಿ ಕಿಂಡಿಯಲ್ಲಿ ಒಂದೊಂದೇ ಪದ ಬಿಡು ಅಂದ ಹಾಗೆ.

ನಿಮ್ಮಜ್ಜನನ್ನು ನಾನು ಕೇಳಲಿಲ್ಲ. ಹಾಳೆಯನ್ನು ಗಟ್ಟಿಯಾಗಿ ಓದುತ್ತಿದ್ದೆ ಅಷ್ಟೆ. ನನಗೆ ಮನಸ್ಸಿನಲ್ಲಿ ಓದಿ ಅಭ್ಯಾಸವಿಲ್ಲ. "ಹೆಂಡತಿ" ಅಂತ ಓದಿದ್ದೇ ತಡ, ಕೆಳಗಿನಿಂದ "ಬೈಗುಳ!" ಅಂತ ಕೂಗು ಬಂತು. ಬಾಯಲ್ಲಿ ಸ್ಪ್ಯಾನರ್ ಕಚ್ಚಿಕೊಂಡಿದ್ದರೂ ಅದೊಂದು ಮಾತು ಸ್ಪಷ್ಟ. ಬರೆದುಕೊಳ್ಳುತ್ತೀಯೋ ಬಿಡುತ್ತೀಯೋ, ನಿನಗೆ ಬಿಟ್ಟದ್ದು.

ಕುರ್ಚಿಯ ಕಾಲು ಇನ್ನೂ ಅಲ್ಲಾಡುತ್ತಿದೆ.

ಅಜ್ಜಿ


ಆಗಸ್ಟ್ ೩೦

ಪ್ರೀತಿಯ ಅಜ್ಜಿ,

ಈ ತಿಂಗಳ ಹಾಳೆ ಬರಲಿಲ್ಲ. ಹೋದ ವಾರ ಬರೆದ ಕಾಗದಕ್ಕೂ ಉತ್ತರವಿಲ್ಲ. ನೀನು ಮುನಿಸಿಕೊಂಡರೂ ಮುನಿಸಿಕೊಂಡಿದ್ದೇನೆ ಅಂತ ಎರಡು ಪುಟ ಬರೆಯುವವಳು.

ಅಮ್ಮನನ್ನು ಕೇಳಿದೆ. ಅವಳಿಗೂ "ಎಲ್ಲ ಕ್ಷೇಮ" ಎಂದು ಒಂದು ಕಾರ್ಡು ಬಂದಿದೆಯಂತೆ, ಒಂದೇ ಸಾಲು. ಔಷಧಿ ಅಂಗಡಿಗೆ ಫೋನ್ ಮಾಡಿ ನಿನ್ನನ್ನು ಕರೆಸಲೇ? ಹಾಳೆ ಇಲ್ಲದಿದ್ದರೂ ಪರವಾಗಿಲ್ಲ, ನಾಲ್ಕು ಸಾಲು ಬೈದು ಬರೆ.

ಬೆಲ್ಲು


ಸೆಪ್ಟೆಂಬರ್ ೯

ಚಿರಂಜೀವಿ ಬೆಲ್ಲುವಿಗೆ,

ನಾವಿಬ್ಬರೂ ಕ್ಷೇಮ. ನಿಮ್ಮಜ್ಜನಿಗೆ ಕೆಲಸ ಜಾಸ್ತಿ, ಆದ್ದರಿಂದ ಬರೆಯಲಾಗಲಿಲ್ಲ. ಫೋನು ಗೀನು ಮಾಡಬೇಡ. ಔಷಧಿ ಅಂಗಡಿಯವನಿಗೆ ತೊಂದರೆ.

ಹಾಳೆ ಇಟ್ಟಿದ್ದೇನೆ. ಯೋಚಿಸದೆ, ಬಂದದ್ದು ಬಂದ ಹಾಗೆ ಬರೆದದ್ದು. ಕುರ್ಚಿ: ಗಾಳಿ. ಮಳೆ: ಗಾಳಿ. ಸೂಜಿ: ಗಾಳಿ. ನಾಯಿ: ಉತ್ತರ ಇಲ್ಲ. ಊಟ: ಗಾಳಿ. ಹೆಂಡತಿ: ಗಾಳಿ.

ಒಂದು ಮಾತು ಕೇಳಬೇಕಿತ್ತು. ನಿಮ್ಮ ಕಾಲೇಜಿಗೆ ಎಷ್ಟೋ ಜನರ ಹಾಳೆ ಬರುತ್ತವಲ್ಲ, ಅದರಲ್ಲಿ ಹೀಗೆ ಬರೆಯುವವರೂ ಇರುತ್ತಾರಾ? ಇದ್ದರೆ, ಅವರದು ಆಮೇಲೆ ಸರಿಹೋಗುತ್ತದಾ? ಸುಮ್ಮನೆ ತಿಳಿದುಕೊಳ್ಳೋಣ ಅಂತ ಕೇಳಿದೆ, ಬೇರೇನಿಲ್ಲ.

ಆರೋಗ್ಯ ನೋಡಿಕೋ. ಹೊತ್ತಿಗೆ ಸರಿಯಾಗಿ ಊಟ ಮಾಡು.

ಅಜ್ಜಿ


ಸೆಪ್ಟೆಂಬರ್ ೧೮

ಪ್ರೀತಿಯ ಅಜ್ಜಿ,

ಹಾಳೆ ತಲುಪಿತು. ಗಾಬರಿಯಾಗಬೇಡ. ಹೀಗೆ ಬರೆಯುವವರು ಇದ್ದಾರೆ. ಕೆಲವೊಮ್ಮೆ ಒಂದೇ ಪದ ನಾಲಿಗೆಗೆ ಅಂಟಿಕೊಂಡುಬಿಡುತ್ತದೆ. ಬೇರೆ ಪದ ಒಳಗೆ ಇರುತ್ತದೆ, ಆದರೆ ಬಾಗಿಲಿಗೆ ಈ ಒಂದೇ ಪದ ಅಡ್ಡ ನಿಂತಿರುತ್ತದೆ. ಹಲವರದು ಸ್ವಲ್ಪ ಸ್ವಲ್ಪವಾಗಿ ಸರಿಹೋಗುತ್ತದೆ. ಆದರೆ ಡಾಕ್ಟರು ನೋಡಲೇಬೇಕು.

ಒಂದು ದಾರಿ ಹೇಳುತ್ತೇನೆ. ಸಣ್ಣಂದಿನಿಂದ ಜೋಡಿಯಾಗಿ ಆಡಿದ ಮಾತುಗಳಿರುತ್ತವಲ್ಲ, ಬಟ್ಟೆ ಬರೆ, ಕಷ್ಟ ಸುಖ, ಹಣ್ಣು ಹಂಪಲು, ಇವುಗಳಲ್ಲಿ ಮೊದಲನೆಯದನ್ನು ಯಾರಾದರೂ ಹೇಳಿದರೆ ಎರಡನೆಯದು ತಾನಾಗಿ ಉರುಳಿಬರುತ್ತದೆ. ಅಂಟಿದ ಪದವನ್ನು ಬಿಡಿಸಲು ಮೊದಮೊದಲು ಅದು ಒಳ್ಳೆಯದು. ಅಜ್ಜನಿಗೆ ದಿನಾ ಸ್ವಲ್ಪ ಹೊತ್ತು ನಿನ್ನ ಜೊತೆ ಆಡಲು ಹೇಳು.

ನನಗೇನೂ ಭಯವಿಲ್ಲ. ನೀನೂ ಹೆದರಬೇಡ.

ನಿನ್ನ ಬೆಲ್ಲು


ಸೆಪ್ಟೆಂಬರ್ ೧೮

(ಲಕೋಟೆಯ ಮೇಲೆ: ಸೈಕಲ್ ರಿಪೇರಿ ಅಂಗಡಿ, ಅಜ್ಜನ ಕೈಗೇ ಕೊಡುವುದು)

ಪ್ರೀತಿಯ ಅಜ್ಜ,

ಈ ಕಾಗದವನ್ನು ಅಜ್ಜಿಗೆ ತೋರಿಸಬೇಡ. ಅಂಗಡಿಯಲ್ಲೇ ಓದಿ ಹರಿದುಹಾಕು.

ಅಜ್ಜಿಗೆ ಏನೋ ಆಗಿದೆ. ನೀನು ಅದನ್ನು ನನ್ನಿಂದ ಮುಚ್ಚಿಡುತ್ತಿದ್ದೀಯ ಅನ್ನಿಸುತ್ತದೆ. ಹಾಳೆಯಲ್ಲಿ ಅವಳು ಬರೆದ ಪದಗಳು ಮಿದುಳಿಗೆ ಪೆಟ್ಟು ಬಿದ್ದವರ ಪದಗಳ ಹಾಗಿವೆ. ಅದೇ ಲಕೋಟೆಯಲ್ಲಿ ಬಂದ ಕಾಗದ ಮಾತ್ರ ಸರಿಯಾಗಿದೆ, ತೀರಾ ಸರಿಯಾಗಿದೆ. "ಚಿರಂಜೀವಿ" ಅಂತ ನನ್ನನ್ನು ಯಾವತ್ತೂ ಕರೆದವಳಲ್ಲ ಅವಳು. ಕಾಗದವನ್ನು ನೀನೇ ಹೇಳಿ ಬರೆಸಿದೆ, ಅಲ್ಲವಾ? ನನ್ನ ಡಿಸೆಂಬರಿನ ಕೆಲಸ ಕೆಡಬಾರದು ಅಂತ?

ನಿನ್ನೆ ಔಷಧಿ ಅಂಗಡಿಗೆ ಫೋನ್ ಮಾಡಿ ಅವಳನ್ನು ಕರೆಸಿದೆ. ಫೋನು ನಿನ್ನ ಕೈಗೆ ಕೊಡು ಅಂದೆ. "ನಮ್ಮ ಕಿಟಕಿಗೆ ಹೊಸ ಪರದೆ ಹಾಕಿದೀನಿ" ಅಂದಳು. ಡಾಕ್ಟರಿಗೆ ತೋರಿಸಿದಿರಾ ಅಂದೆ. "ನಿಮ್ಮ ಕಡೆ ಚಳಿ ಶುರುವಾಯ್ತಾ" ಅಂದಳು. ಕೇಳಿದ್ದಕ್ಕೆ ಒಂದಕ್ಕೂ ಉತ್ತರವಿಲ್ಲ.

ಅಜ್ಜ, ಅವಳ ಮಾತು ಹೋದರೆ ನಮ್ಮ ಮನೆಯಲ್ಲಿ ಏನು ಉಳಿಯುತ್ತದೆ? ನಿಜ ಬರೆ. ನಿನ್ನ ಕೈಯಾರೆ ಬರೆ.

ನಿನ್ನ ಬೆಲ್ಲು


ಸೆಪ್ಟೆಂಬರ್ ೩೦

ಬೆಲ್ಲೂ,

ನಿಮ್ಮಜ್ಜನ ಕೈಗೇ ಕೊಡಬೇಕಾದ ಕಾಗದವನ್ನು ಅಂಚೆಯವನು ನನ್ನ ಕೈಗೆ ಕೊಟ್ಟ. ಯಾಕೆಂದರೆ ಅಂಗಡಿಗೆ ಬೀಗ ಹಾಕಿ ಎರಡು ತಿಂಗಳಾಗುತ್ತಾ ಬಂತು. ಲಕೋಟೆ ಒಡೆದೆ. ನನಗೆ ತೋರಿಸಬೇಡ ಅಂತ ಮೊದಲ ಸಾಲಿನಲ್ಲೇ ಬರೆದರೆ ಯಾವ ಹೆಂಗಸು ತಾನೇ ಎರಡನೇ ಸಾಲು ಓದದೆ ಬಿಡುತ್ತಾಳೆ?

ಹಾಸಿಗೆಯ ಪಕ್ಕ ಕೂತು ಅವರಿಗೆ ಗಟ್ಟಿಯಾಗಿ ಓದಿದೆ. ನನ್ನ ಮಿದುಳಿಗೆ ಪೆಟ್ಟು ಬಿದ್ದಿದೆ, ನನ್ನ ಮಾತು ಹೋಗುತ್ತಿದೆ ಅನ್ನುವ ಜಾಗಕ್ಕೆ ಬಂದಾಗ ನಿಮ್ಮಜ್ಜ ನಕ್ಕರು. ಭುಜ ಕುಲುಕಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಈ ಮನೆಯಲ್ಲಿ ನಗು ಕೇಳಿ ಎಷ್ಟು ದಿನವಾಗಿತ್ತೋ. ಕೊನೆಯ ಸಾಲಿಗೆ ಬರುವ ಹೊತ್ತಿಗೆ ಮಾತ್ರ ಅದು ನಗುವೋ ಅಳುವೋ ನನಗೂ ಗೊತ್ತಾಗಲಿಲ್ಲ, ಅವರಿಗೂ ಗೊತ್ತಾಗಲಿಲ್ಲ.

ನಿಜ ಹೇಳುತ್ತೇನೆ. ಮಾತು ಹೋಗಿರುವುದು ನನ್ನದಲ್ಲ.

ಆಗಸ್ಟ್ ತಿಂಗಳ ಮೊದಲಲ್ಲಿ ಒಂದು ಬೆಳಿಗ್ಗೆ. ಯಾವುದೋ ಟ್ಯೂಬಿಗೆ ಪಂಪು ಹೊಡೆಯುತ್ತಿದ್ದರು. ಪಂಪಿನ ಸದ್ದು ನಿಂತಿತು. ನಾನು ಮೇಲೆ ಹೊಲಿಗೆ ಮಿಷನ್ ತುಳಿಯುತ್ತಲೇ, "ಯಾಕ್ರೀ, ಟ್ಯೂಬಿಗೆ ಮೊದಲು ನಿಮ್ಮ ಉಸಿರೇ ಖಾಲಿಯಾಯ್ತಾ?" ಅಂದೆ. ಉತ್ತರ ಬರಲಿಲ್ಲ. ಅವರು ಉತ್ತರ ಕೊಡದೆ ಬಿಡುವವರಲ್ಲ. ಇಳಿದು ಹೋದರೆ ಗೋಡೆಗೆ ಒರಗಿ ಕೂತಿದ್ದಾರೆ. ಬಾಯಿ ಸೊಟ್ಟಗಾಗಿದೆ, ಬಲಗೈ ತೊಡೆಯ ಮೇಲೆ ಬೇರೆ ಯಾರದೋ ಕೈಯ ಹಾಗೆ ಬಿದ್ದಿದೆ. ನನ್ನ ಮುಖ ನೋಡಿ "ಗಾಳಿ" ಅಂದರು. ಮತ್ತೆ "ಗಾಳಿ, ಗಾಳಿ". ಔಷಧಿ ಅಂಗಡಿಯವನು ತನ್ನ ಗಾಡಿಯಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದ. ತಲೆಯಲ್ಲಿ ರಕ್ತ ಹೆಪ್ಪುಗಟ್ಟಿದೆ ಅಂದರು. ಜೀವಕ್ಕೆ ಭಯವಿಲ್ಲ, ಕಾಲಿಗೂ ಅಷ್ಟಾಗಿ ಏನಾಗಿಲ್ಲ, ಮಾತು ಬಂದರೂ ಬರಬಹುದು ಅಂದರು.

ಅವತ್ತಿನಿಂದ ನೀರು ಬೇಕಾದರೂ ಗಾಳಿ, ಹೊದಿಕೆ ಬೇಕಾದರೂ ಗಾಳಿ. ನನ್ನನ್ನು ಕರೆಯುವುದೂ ಗಾಳಿ. ಇಷ್ಟು ವರ್ಷ ಸಂಸಾರ ಮಾಡಿ ಕೊನೆಗೆ ಗಾಳಿಯಾದೆ ನೋಡು. ನಿನ್ನ ಹಾಳೆ ಮೇಜಿನ ಮೇಲಿತ್ತು. ಅದನ್ನು ಅವರಿಗೆ ಓದಿದೆ. ಬಂದ ಉತ್ತರ ಬರೆದು ಕಳಿಸಿದೆ. ಈ ವಿದ್ಯೆ ಓದಿದವಳು ನೀನು, ನೋಡಿ ಏನಾದರೂ ಹೇಳುತ್ತೀಯ ಅಂತ ಆಸೆ. ಹೇಳಿಬಿಟ್ಟರೆ ಎಲ್ಲ ಬಿಟ್ಟು ಓಡಿಬರುತ್ತೀಯ ಅಂತ ಭಯ. ನಿನ್ನ ಅಮ್ಮನಿಗೂ ಹೇಳಿಲ್ಲ. ಹೇಳುವುದು ನಿಮ್ಮಜ್ಜನಿಗೂ ಇಷ್ಟವಿರಲಿಲ್ಲ.

ನೀನು ಹೇಳಿದ ಜೋಡಿ ಮಾತು ಹಿಡಿದುಕೊಂಡೆ. ಮೊದಲ ನಾಲ್ಕು ದಿನ ಏನೂ ಇಲ್ಲ. ಐದನೇ ದಿನ ನಾನು "ಬಟ್ಟೆ" ಅಂದೆ, ಅವರು "ಬರೆ" ಅಂದರು! ನನ್ನ ಕೈಯ ಕತ್ತರಿ ಕೆಳಗೆ ಬಿತ್ತು. ಈಗ ಕಷ್ಟ ಅಂದರೆ ಸುಖ ಅನ್ನುತ್ತಾರೆ. ಪಾತ್ರೆ ಅಂದರೆ ಪಡಗ. ಹೆಂಡತಿ ಅಂದರೆ ಮಕ್ಕಳು. "ಕೈ ಕೆಸರಾದರೆ" ಅಂದರೆ "ಬಾಯಿ ಮೊಸರು" ಪೂರ್ತಿ ಬರುತ್ತದೆ. ದಿನವಿಡೀ ನಾನು ಮುಂದೆ, ಅವರು ಹಿಂದೆ. ಮಾತು ವಾಪಸು ಬಂತು ಬೆಲ್ಲೂ. ನಿನ್ನ ವಿದ್ಯೆಗೆ ನೂರಕ್ಕೆ ನೂರು.

ಇನ್ನೊಂದು ವಿಷಯ. ಅಂಗಡಿ ಬೀಗ ಹಾಕಿಕೊಂಡು ಧೂಳು ತಿನ್ನುತ್ತಿದೆ. ಪಕ್ಕದ ಕಬ್ಬಿಣದಂಗಡಿಯವನು ಸಾಮಾನಿನ ಸಮೇತ ತಾನು ತಗೊಳ್ಳುತ್ತೇನೆ ಅಂದ. ನಿಮ್ಮಜ್ಜನನ್ನು ಕೇಳಿದೆ, "ಕೊಟ್ಬಿಡೋಣ ಅಲ್ವಾ, ಇನ್ನು ಈ ಕೈಯಲ್ಲಿ ಯಾವ ಚಕ್ರದ ಬೆಂಡು ತೆಗೀತೀರಿ" ಅಂತ. "ಹೂಂ" ಅಂದರು. ಬರುವ ತಿಂಗಳ ಕೊನೆಯಲ್ಲಿ ಬಂದು ಸಾಗಿಸುತ್ತಾನೆ.

ನನ್ನ ಮಾತಿನ ಚಿಂತೆ ಬಿಡು. ಅದು ನನ್ನ ಜೊತೆ ಚಟ್ಟ ಹತ್ತುವ ಸಾಮಾನು.

ಅಜ್ಜಿ


ಅಕ್ಟೋಬರ್ ೯

ಅಜ್ಜಿ,

ನಿನ್ನ ಕಾಗದ ಓದಿ ಬಾತ್‌ರೂಮಿಗೆ ಹೋಗಿ ಅತ್ತೆ. ಆಮೇಲೆ ನಿನ್ನ ಮೇಲೆ ಸಿಟ್ಟು ಬಂತು, ಆಮೇಲೆ ನನ್ನ ಮೇಲೆ. ಪದ ನೋಡಿಯೇ ಕಾಯಿಲೆ ಹೇಳುತ್ತೇನೆ ಅಂದುಕೊಂಡಿದ್ದೆ. ಯಾರ ಪದ ಅನ್ನುವುದೇ ಗೊತ್ತಾಗಲಿಲ್ಲ. "ಗಾಳಿ" ಎಂದು ಬರೆದ ಕಡೆಯೆಲ್ಲ ಪಂಪಿನ ಸದ್ದು ಕೇಳಬೇಕಿತ್ತು ನನಗೆ. ಬೇಸಿಗೆ ರಜೆಯೆಲ್ಲ ಆ ಅಂಗಡಿಯಲ್ಲೇ ಬೆಲ್ಲು ಬಾರಿಸುತ್ತಾ ಕಳೆದವಳು, ಅದಕ್ಕೇ ಅಜ್ಜ ನನಗೆ ಈ ಹೆಸರಿಟ್ಟ.

ಮೇಡಂ ಹತ್ತಿರ ಕೂತು ಎಲ್ಲ ಕೇಳಿಕೊಂಡು ಬರೆಯುತ್ತಿದ್ದೇನೆ. ನಿನಗೆ ಇಷ್ಟವಾಗುವುದಿಲ್ಲ. ಆದರೂ ಪೂರ್ತಿ ಓದು.

ಜೋಡಿ ಮಾತು ಬಂದದ್ದು ಒಳ್ಳೆಯದೇ. ಆದರೆ ಅದು ಅಜ್ಜ ಆಡಿದ ಮಾತಲ್ಲ. ಇಳಿಜಾರಿನಲ್ಲಿ ಸೈಕಲ್ಲು ಪೆಡಲು ತುಳಿಯದೆ ಹೋಗುತ್ತದಲ್ಲ, ಹಾಗೆ ಬಂದದ್ದು. ದೂಡುತ್ತಿರುವವಳು ನೀನು. ಬಟ್ಟೆ ಅಂದರೆ ಬರೆ ಅನ್ನುವಾಗ ಅವನಿಗೆ ಏನು ಬೇಕು, ಏನು ಬೇಡ ಅನ್ನುವುದು ಅದರಲ್ಲಿ ಇರುವುದಿಲ್ಲ. ಅದನ್ನು ಶುರು ಮಾಡಲು ಮಾತ್ರ ಹೇಳಿದ್ದೆ, ಅಲ್ಲೇ ನಿಲ್ಲಲು ಹೇಳಿರಲಿಲ್ಲ. ಅದನ್ನು ನಾನು ಬರೆಯಬೇಕಿತ್ತು.

ಇನ್ನು ಆ "ಹೂಂ". ಹೀಗಾದವರ ಹೂಂ ಊಹೂಂ ಎರಡನ್ನೂ ನಂಬುವ ಹಾಗಿಲ್ಲ. ಬೇಡ ಅಂತ ಮನಸ್ಸಿನಲ್ಲಿದ್ದರೂ ಹೂಂ ಎಂದೇ ಬರುತ್ತದೆ. ನೀನೇ ಪರೀಕ್ಷೆ ಮಾಡಿ ನೋಡು. ಕೊಡೋಣವಾ ಅಂತ ಒಂದು ಸಲ ಕೇಳು, ಇಟ್ಟುಕೊಳ್ಳೋಣವಾ ಅಂತ ಇನ್ನೊಂದು ಸಲ ಕೇಳು.

"ಹೇಳುವುದು ನಿಮ್ಮಜ್ಜನಿಗೂ ಇಷ್ಟವಿರಲಿಲ್ಲ" ಅಂತ ಬರೆದಿದ್ದೀಯ. ಅದು ನಿನಗೆ ಹೇಗೆ ಗೊತ್ತಾಯಿತು ಅಜ್ಜಿ?

ಅಂಗಡಿಯ ಮಾತನ್ನು ಹಾಸಿಗೆಯಲ್ಲಿ ಕೇಳಬೇಡ, ಅಂಗಡಿಗೇ ಕರೆದುಕೊಂಡು ಹೋಗಿ ಕೇಳು. ಒಂದೇ ಸಲ ಕೇಳು. ಕೇಳಿದ ಮೇಲೆ ಸುಮ್ಮನಿರು. ಅರ್ಧ ಪದ ಎತ್ತಿಕೊಡಬೇಡ, ನೀನೇ ಉತ್ತರ ಹೇಳಬೇಡ. ಅವನಿಗೆ ಒಳಗಿನಿಂದ ಒಂದು ಪದ ಹುಡುಕಿ ಎತ್ತಿ ತರಲು ಬಹಳ ಹೊತ್ತು ಬೇಕು. ತರುತ್ತಿರುವಾಗ ನೀನು ಮಾತಾಡಿದರೆ ಅದು ಕೈಜಾರಿ ಮತ್ತೆ ಒಳಗೆ ಬೀಳುತ್ತದೆ. ಇಷ್ಟೇ ಔಷಧಿ. ನಿನ್ನಂಥವಳಿಗೆ ಇದು ಎಷ್ಟು ಕಹಿ ಅಂತ ಗೊತ್ತಿದ್ದೇ ಬರೆದಿದ್ದೇನೆ.

ಆಸ್ಪತ್ರೆಯಲ್ಲಿ ಮಾತು ಕಲಿಸುವವರು ಇದ್ದೇ ಇರುತ್ತಾರೆ, ಅವರನ್ನು ಕೇಳು. ನಿನ್ನ ಹೆಸರಿನ ಹಾಳೆಗಳನ್ನೆಲ್ಲ ವರದಿಯಿಂದ ತೆಗೆದೆ. ನವೆಂಬರ್ ಮೊದಲ ವಾರ ನಾನೂ ಅಮ್ಮನೂ ಬರುತ್ತೇವೆ. ಬೇಡ ಅನ್ನಬೇಡ.

ಬೆಲ್ಲು


ಅಕ್ಟೋಬರ್ ೨೯

ಬೆಲ್ಲೂ,

ನಿನ್ನ ಕಾಗದ ಓದಿ ಎರಡು ದಿನ ನಿನ್ನ ಮೇಲೆ ಕೆಂಡ ಕಾರಿದೆ. ಮೊಣಕಾಲುದ್ದ ಇದ್ದಾಗ ಮೂಗು ಒರೆಸಿದವಳಿಗೆ ಬಾಯಿ ಮುಚ್ಚು ಅನ್ನುತ್ತಾಳಲ್ಲ ಅಂತ. ಮೂರನೇ ದಿನ ಪರೀಕ್ಷೆ ಮಾಡಿದೆ.

"ಅಂಗಡಿ ಕೊಡೋಣವಾ?"

"ಹೂಂ."

"ಇಟ್ಕೊಳ್ಳೋಣವಾ?"

"ಹೂಂ."

"ನಾನು ನಿಮ್ಮ ಅತ್ತೇನಾ?"

"ಹೂಂ" ಅಂದರು, ಅಂದವರು ತಾವೇ ಬೆಚ್ಚಿ ನನ್ನ ಮುಖ ನೋಡಿದರು. ಆ ಹೂಂ ನಂಬಿ ಅವರ ಜೀವಮಾನದ ಸಾಮಾನನ್ನು ಗಾಡಿಗೆ ಹಾಕಿಸುವವಳಿದ್ದೆನಲ್ಲ.

ಆಮೇಲೆ ನೀನು ಹೇಳಿದ ಹಾಗೆ ಸುಮ್ಮನಿರಲು ನೋಡಿದೆ. ಆಗಲಿಲ್ಲ. ಚಹಾ ಬೇಕಾ ಅಂತ ಕೇಳಿ, ಬಾಯಿ ಬಿಗಿಹಿಡಿದು ಕೂತರೆ, ಅವರ ತುಟಿ ಅದುರುತ್ತದೆ, ಹಣೆಯ ನರ ಉಬ್ಬುತ್ತದೆ. ನೋಡಲಾರದೆ ನಾನೇ "ಬೇಕು ಅನ್ರಿ, ಬೇಕು" ಅಂದುಬಿಡುತ್ತೇನೆ. ಅವರು ಕಣ್ಣು ಮುಚ್ಚುತ್ತಾರೆ. ಆ ಕಣ್ಣು ಮುಚ್ಚುವುದನ್ನು ನಾನು ಆಗಸ್ಟಿನಿಂದ ನೋಡುತ್ತಲೇ ಇದ್ದೆ, ಸುಸ್ತು ಅಂದುಕೊಂಡಿದ್ದೆ. ಕೈಜಾರಿ ಬಿತ್ತು ಅಂತ ನೀನು ಬರೆದೆಯಲ್ಲ, ಅದು ಬೀಳುವುದು ಈಗ ನನಗೂ ಕಾಣಿಸಿತು.

ಕೊನೆಗೆ ಉಪಾಯ ಹೊಳೆಯಿತು. ಹೊಲಿಯುವಾಗ ಬಟ್ಟೆಗೆ ಚುಚ್ಚುವ ಗುಂಡುಸೂಜಿಗಳನ್ನು ನಾನು ತುಟಿಯಲ್ಲಿ ಕಚ್ಚಿಕೊಂಡಿರುತ್ತೇನಲ್ಲ, ಜನ್ಮದಲ್ಲಿ ನಾನು ಸುಮ್ಮನಿರುವುದು ಆ ಹೊತ್ತು ಮಾತ್ರ. ಮಾತಾಡಿದರೆ ನಾಲಿಗೆಗೇ ಚುಚ್ಚುತ್ತದೆ. ಕೇಳಬೇಕಾದ್ದನ್ನು ಕೇಳುವುದು, ಕೇಳಿದ ಕೂಡಲೇ ಸೂಜಿ ಕಚ್ಚುವುದು. ಆಸ್ಪತ್ರೆಯ ಮಾತಿನ ಟೀಚರಮ್ಮನಿಗೆ ಹೇಳಿದೆ. "ಸೂಜಿ ಬೇಡ ಅಜ್ಜಿ, ಅಪಾಯ" ಅಂದಳು. "ನನ್ನ ನಾಲಿಗೆ ಅದಕ್ಕಿಂತ ಅಪಾಯ" ಅಂದೆ.

ನಿನ್ನೆ ಕಬ್ಬಿಣದಂಗಡಿಯವನು ಗಾಡಿ ತಂದ. ನಾನು ನಿಮ್ಮಜ್ಜನನ್ನು ಮೆಲ್ಲಗೆ ಮೆಟ್ಟಿಲಿಳಿಸಿ, ಬೀಗ ತೆಗೆದು, ಅವರ ಮಣೆಯ ಮೇಲೆ ಕೂರಿಸಿದೆ. ಎಲ್ಲ ಅವರು ಬಿಟ್ಟ ಹಾಗೇ ಇತ್ತು. ಗೋಡೆಯಲ್ಲಿ ರಿಮ್ಮುಗಳು, ಡಬ್ಬಿಯಲ್ಲಿ ಚೈನಿನ ತುಂಡುಗಳು, ಅರ್ಧ ಗಾಳಿ ತುಂಬಿದ ಆ ಟ್ಯೂಬು ಸಹ. ಅವರು ಎಡಗೈಯಿಂದ ಮೊಳೆಗೆ ನೇತುಹಾಕಿದ್ದ ಚಕ್ರವನ್ನು ತಿರುಗಿಸಿದರು. ಅದು ತಿರುಗುತ್ತಾ ಇತ್ತು.

ಕೇಳಿದೆ. "ಏನು ಮಾಡೋಣ ಅಂಗಡೀನ?" ಅಷ್ಟೇ. ಆಮೇಲೆ ಸೂಜಿ ಕಚ್ಚಿದೆ.

ಚಕ್ರ ತಿರುಗಿ ತಿರುಗಿ ನಿಂತಿತು. ಬೀದಿಯಲ್ಲಿ ಒಂದು ಬಸ್ಸು ಹೋಯಿತು. ಔಷಧಿ ಅಂಗಡಿಯವನ ನಾಯಿ ಬಂದು ಬಾಗಿಲಲ್ಲಿ ಕೂತಿತು. ಕಬ್ಬಿಣದಂಗಡಿಯವನು ಅವರನ್ನೊಮ್ಮೆ ನನ್ನನ್ನೊಮ್ಮೆ ನೋಡಿ, "ಏನಮ್ಮಾ, ನಿಮಗೂ ಬಂತಾ?" ಅಂದ. ಬೇರೆ ದಿನವಾಗಿದ್ದರೆ ಅವನ ಏಳು ತಲೆಮಾರು ಜಾಲಾಡುತ್ತಿದ್ದೆ. ಸೂಜಿ ಬಾಯಲ್ಲಿತ್ತು. ಬಚಾವಾದ.

ಅವನು ಕಾದು ಬೇಸತ್ತು, "ಸರಿ, ಮೊದಲು ಇದನ್ನ ಹಾಕ್ತೀನಿ" ಅಂತ ಪಂಪು ಎತ್ತಿದ.

"ನಂ..." ಅಂದರು ನಿಮ್ಮಜ್ಜ.

ನನ್ನ ಗಂಟಲಿನವರೆಗೆ ಬಂತು ಬೆಲ್ಲೂ. ನಂದು ಅನ್ನಿ, ನಮ್ಮದು ಅನ್ನಿ, ನಂಟ ಅನ್ನಿ, ಏನಾದರೂ ಎತ್ತಿಕೊಡೋಣ ಅಂತ ಜೀವ ಒದ್ದಾಡಿತು. ಸೂಜಿ ಗಟ್ಟಿ ಕಚ್ಚಿದೆ. ಬಾಯಲ್ಲಿ ರಕ್ತದ ರುಚಿ.

"ನಂ... ದು."

ಕಬ್ಬಿಣದಂಗಡಿಯವನು ಪಂಪು ಕೆಳಗಿಟ್ಟ. "ಪಂಪು ಮಾತ್ರಾನಾ ಅಜ್ಜ?"

ಅವರು ಎಡಗೈಯನ್ನು ಎಣ್ಣೆ ಕುಡಿದು ಕಪ್ಪಾದ ಕೆಲಸದ ಹಲಗೆಯ ಮೇಲೆ ಊರಿದರು. "ನಂದು" ಅಂದರು ಇನ್ನೊಂದು ಸಲ. ಈ ಸಲ ಒಡೆಯಲಿಲ್ಲ, ಒಂದೇ ತುಂಡಾಗಿ ಬಂತು. ಯಾವ ಪದದ ಬಾಲವೂ ಅಲ್ಲ ಅದು. ನಾನು ಅದಕ್ಕೆ ಮುಂದಿನ ಅರ್ಧ ಕೊಟ್ಟಿರಲಿಲ್ಲ. ಕಬ್ಬಿಣದಂಗಡಿಯವನು ಒಳ್ಳೆಯವನು, ಒಂದು ಮಾತಾಡದೆ ಖಾಲಿ ಗಾಡಿ ತಿರುಗಿಸಿಕೊಂಡು ಹೋದ. ಆ ಕೈಯಲ್ಲಿ ಇನ್ನು ಏನು ರಿಪೇರಿ ಆಗುತ್ತದೋ ನನಗೆ ಗೊತ್ತಿಲ್ಲ. ಅಂಗಡಿ ಇರುತ್ತದೆ.

ಕಥೆ ಇಲ್ಲಿಗೇ ಮುಗಿಯಲಿಲ್ಲ.

ಆ ಒಂದು ಮಾತಿನ ರುಚಿ ಸಿಕ್ಕಮೇಲೆ ನನಗೆ ಬಾಯಿ ತೆರೆಯಲೇ ಭಯವಾಯಿತು. ಇನ್ನೊಂದು ಮಾತು ಬರುವುದಿದ್ದರೆ, ನಾನು ಬಾಯಿ ಹಾಕಿ ಕೆಡಿಸಿದರೆ? ಸಂಜೆಯೆಲ್ಲ ಸುಮ್ಮನಿದ್ದೆ. ಇವತ್ತು ಬೆಳಿಗ್ಗೆಯೂ ಸುಮ್ಮನಿದ್ದೆ. ಅವರು ಚಹಾ ಚೆಲ್ಲಿಕೊಂಡರು, ಸುಮ್ಮನೆ ಒರೆಸಿದೆ. ನಿನ್ನೆಯ ಎಣ್ಣೆ ಇನ್ನೂ ಹೋಗದ ಕೈಯನ್ನು ಗಿರಾಕಿಯ ಹೊಸ ಅಂಗಿಯ ಮೇಲಿಟ್ಟರು. ಅಂಗಿ ತೆಗೆದು ಆ ಕಡೆಗಿಟ್ಟೆ. ಅವರು ನನ್ನನ್ನು ಹೇಗೆ ನೋಡುತ್ತಿದ್ದರು ಅಂದರೆ, ಆಸ್ಪತ್ರೆಯಲ್ಲಿ ನಾನು ಅವರನ್ನು ನೋಡುತ್ತಿದ್ದೆನಲ್ಲ, ಹಾಗೆ.

ಮಧ್ಯಾಹ್ನ ಊಟಕ್ಕೆ ಕೂತಾಗ ಆ ಅಲ್ಲಾಡುವ ಕುರ್ಚಿ ವಾಲಿತು, ತಟ್ಟೆ ಮಗುಚಿ ಅನ್ನವೆಲ್ಲ ನೆಲಕ್ಕಾಯಿತು. ನಾನು ಬಗ್ಗಿ ಬಾಚತೊಡಗಿದೆ. ಒಂದು ಮಾತಿಲ್ಲ. ಅವರ ಎಡಗೈ ಬಂದು ನನ್ನ ಭುಜ ಹಿಡಿಯಿತು. ತಲೆಯೆತ್ತಿದರೆ ಹಣೆಯ ನರ ಉಬ್ಬಿದೆ, ತುಟಿ ಅದುರುತ್ತಿದೆ, ಕಣ್ಣಲ್ಲಿ ನೀರು ನಿಂತಿದೆ. ಬಾಯಲ್ಲಿ ಸೂಜಿಯೂ ಇರಲಿಲ್ಲ ನನಗೆ. ಆದರೂ ಕಾದೆ.

"ಬ..." ಅಂದರು. "ಬ... ಬಯ್ಯೇ."

ನನಗೆ ಅರ್ಥವಾಗಲಿಲ್ಲ ಅಂದುಕೊಂಡರೋ ಏನೋ, ಕುರ್ಚಿ ತೋರಿಸಿದರು, ನೆಲದ ಅನ್ನ ತೋರಿಸಿದರು, ತಮ್ಮ ಎದೆ ಮುಟ್ಟಿಕೊಂಡರು. "ಬಯ್ಯೇ."

ಬೈದೆ ಬೆಲ್ಲೂ. ಕುರ್ಚಿಯ ಕಾಲಿನಿಂದ ಶುರುಮಾಡಿದೆ. ಊರವರ ಸೈಕಲ್ಲೆಲ್ಲ ನೆಟ್ಟಗಾದವು, ನನ್ನ ಮನೆಯ ಒಂದು ಕುರ್ಚಿ ಆಗಲಿಲ್ಲ ಅಂದೆ. ಗಿರಾಕಿಯ ಅಂಗಿ ಯಾರು ತೊಳೆಯಬೇಕು, ನಿಮ್ಮಪ್ಪನಾ ಅಂದೆ. ಹೇಳದೆ ಕೇಳದೆ ಗೋಡೆಗೆ ಒರಗಿ ಕೂತಿರಲ್ಲ ಆವತ್ತು, ನಾನು ಮೆಟ್ಟಿಲಲ್ಲಿ ಬಿದ್ದು ಸತ್ತಿದ್ದರೆ ಏನು ಮಾಡುತ್ತಿದ್ದಿರಿ ಅಂದೆ. ಗಾಳಿ ಅಂದಿರಲ್ಲ ನನ್ನನ್ನು, ಗಾಳಿಯಾ ನಾನು ಅಂದೆ. ಅಳುತ್ತಾ ಬೈದೆ, ಅನ್ನ ಬಾಚುತ್ತಾ ಬೈದೆ, ಅನ್ನ ಮುಗಿದ ಮೇಲೂ ಬೈದೆ. ಅವರು ರೇಡಿಯೋ ಕೇಳುವವರ ಹಾಗೆ ತಲೆ ಹಿಂದಕ್ಕೆ ಒರಗಿಸಿ ಕೇಳಿದರು, ಮುಖ ಇಷ್ಟಗಲ ಮಾಡಿಕೊಂಡು.

ಎಷ್ಟೋ ಹೊತ್ತಾದ ಮೇಲೆ ಒಂದು ಬೆರಳೆತ್ತಿದರು. ತುಟಿ ಅದುರಿತು. ನಾನು ಮಾತು ನಿಲ್ಲಿಸಿ ಕಾದೆ.

"ಸಾಕು" ಅಂದರು.

ಸಾಕಂತ ಬೆಲ್ಲೂ! ಮೂರನೇ ಮಾತು. ಮಾತಿಗಾಗಿ ಕಾಯಬೇಕು ಅಂತ ಬರೆದಿದ್ದೀಯ, ಕಾದೆ. ಬಂದ ಮೇಲೆ ಅದನ್ನು ಕೇಳಲೂಬೇಕು ಅಂತ ಎಲ್ಲಿಯೂ ಬರೆದಿಲ್ಲ. ನಾನು ನಿಲ್ಲಿಸಲಿಲ್ಲ.

ಅಜ್ಜಿ